ಮಗ್ಗ, ಬುಟ್ಟಿ, ಧ್ಯಾನ: ಕೆಲವು ತಪ್ಪು ಕಲ್ಪನೆಗಳು

ಧ್ಯಾನವೆಂದೊಡನೆ ಪದ್ಮಾಸನವನ್ನೂ ಮುಚ್ಚಿದ ಕಣ್ಣುಗಳನ್ನೂ ವಿಚಾರಶೂನ್ಯವಾದ ಮನಸ್ಸನ್ನೂ ಮಾತ್ರ ಭಾವಿಸಿಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಆದಕಾರಣ ಮಗ್ಗದಲ್ಲಿ ಲಾಳಿಯಾಡಿಸುವವನ ಅಥವಾ ಅಂಗಳದಲ್ಲಿ ಕುಳಿತು ಬಿದಿರಿನ ಸೀಳುಗಳನ್ನು ಹೆಣೆಯುವವಳ ಕೆಲಸಕ್ಕೂ ಧ್ಯಾನಕ್ಕೂ ಸಂಬಂಧವುಂಟೆಂದರೆ ಅದು ಕೇವಲ ಅಲಂಕಾರದ ಮಾತೆಂದು ಅನೇಕರು ಎಣಿಸುತ್ತಾರೆ. ಈ ಎಣಿಕೆ ಸರಿಯಲ್ಲ. ಚಿತ್ತವೃತ್ತಿಗಳ ನಿರೋಧವು ಯೋಗದ ಪರಮಾವಸ್ಥೆಯೆಂಬುದು ನಿಜವೇ. ಆದರೆ ಅಲ್ಲಿಗೆ ಏರುವ ಮೆಟ್ಟಿಲುಗಳಲ್ಲಿ ಪತಂಜಲಿಯು ಧಾರಣೆಯೆಂದು ಕರೆದದ್ದು ಮನಸ್ಸನ್ನು ಒಂದು ನೆಲೆಯಲ್ಲಿ ಕಟ್ಟಿ ನಿಲ್ಲಿಸುವುದನ್ನು, ಧ್ಯಾನವೆಂದು ಕರೆದದ್ದು ಆ ನಿಲುವು ಎಡೆಬಿಡದೆ ಹರಿಯುವುದನ್ನು. ಪಾಲಿ ಭಾಷೆಯ ಬೌದ್ಧ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ಉಸಿರಿನ ಮೇಲಣ ಎಚ್ಚರವನ್ನು ವಿವರಿಸಬೇಕಾದಾಗ ದೃಷ್ಟಾಂತವಾಗಿ ಬರುವವನು ಗುಹೆಯ ತಪಸ್ವಿಯಲ್ಲ, ಮರವನ್ನು ಕಡೆಯುವ ಕುಶಲಕರ್ಮಿ. ತನ್ನ ಕೈಯ ಎಳೆತ ದೀರ್ಘವಾದಾಗ ದೀರ್ಘವೆಂದೂ ಹ್ರಸ್ವವಾದಾಗ ಹ್ರಸ್ವವೆಂದೂ ಅವನು ಬಲ್ಲನಾದಂತೆ, ಸಾಧಕನು ತನ್ನ ಉಸಿರನ್ನು ಬಲ್ಲವನಾಗಿರಬೇಕೆಂಬುದು ಅಲ್ಲಿಯ ತಾತ್ಪರ್ಯ. ಕೈಗೆಲಸದ ಎಚ್ಚರವು ಧ್ಯಾನಕ್ಕೆ ಉಪಮಾನವಾಗಿದ್ದುದು ಅಷ್ಟು ಪ್ರಾಚೀನ.

ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯು ಈಚೆಗೆ ಹೆಚ್ಚು ಪ್ರಚಾರದಲ್ಲಿದ್ದು, ನನ್ನ ದೃಷ್ಟಿಯಲ್ಲಿ ಮೊದಲಿನದಕ್ಕಿಂತ ಹೆಚ್ಚು ಹಾನಿಕರವಾದುದು. ಕೈಯು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದರೆ ಸಾಕು, ಮನಸ್ಸು ತಾನಾಗಿಯೇ ಶಾಂತವಾಗುತ್ತದೆ, ನೇಯ್ಗೆಯೇ ಧ್ಯಾನ ಎಂಬುದೇ ಆ ನಂಬಿಕೆ. ವಾಸ್ತವವಾಗಿ, ಪಳಗಿದ ಕೈಗೆ ಮನಸ್ಸಿನ ಅಗತ್ಯವು ದಿನೇ ದಿನೇ ಕಡಿಮೆಯಾಗುತ್ತದೆ. ಹೀಗೆ ಬಿಡುವು ಪಡೆದ ಮನಸ್ಸು ಉಸಿರಿನ ಕಡೆಗೆ ತಿರುಗುವಷ್ಟೇ ಸುಲಭವಾಗಿ ಹಳೆಯ ಜಗಳಕ್ಕೋ ನಾಳೆಯ ಸಾಲಕ್ಕೋ ಹೊರಟುಹೋಗಬಲ್ಲದು. ಪುನರಾವರ್ತನೆಯು ಅವಕಾಶವನ್ನು ಕೊಡುತ್ತದೆ, ಫಲವನ್ನಲ್ಲ. ಆದರೆ ಬರಿದೆ ಕಣ್ಮುಚ್ಚಿ ಕುಳಿತಾಗ ದೊರೆಯದ ಒಂದು ಸಹಾಯ ಈ ಕಸುಬುಗಳಲ್ಲಿ ದೊರೆಯುತ್ತದೆ: ಮನಸ್ಸು ಹೊರಟುಹೋದ ಗಳಿಗೆಯು ಕಣ್ಣೆದುರಿನ ವಸ್ತುವಿನಲ್ಲಿ ದಾಖಲಾಗುತ್ತದೆ. ಹಾಸಿನ ಎಳೆಗಳ ನಡುವೆ ಹೊಕ್ಕಿನ ನೂಲನ್ನು ಉದ್ವೇಗದಿಂದ ಬಿಗಿಯಾಗಿ ಎಳೆದರೆ ಬಟ್ಟೆಯ ಅಂಚು ಒಳಕ್ಕೆ ಸೆಳೆದುಕೊಂಡು ಅಗಲ ಕುಗ್ಗುತ್ತದೆ. ಉದಾಸೀನದಿಂದ ಸಡಿಲ ಬಿಟ್ಟರೆ ಅಂಚಿನಲ್ಲಿ ಕುಣಿಕೆಗಳು ಏಳುತ್ತವೆ. ಬುಟ್ಟಿಯ ವಿಷಯ ಇನ್ನೂ ಸ್ಪಷ್ಟ. ಒಂದೇ ಸೀಳಿನಿಂದ, ಒಂದು ಕಡ್ಡಿಯ ಮುಂದೆ ಮರುಕಡ್ಡಿಯ ಹಿಂದೆ ಎಂದು ಸುತ್ತುತ್ತ ಹೋಗುವ ಸರಳವಾದ ಹೆಣಿಗೆಯಲ್ಲಿ ನಿಂತ ಕಡ್ಡಿಗಳ ಸಂಖ್ಯೆ ಬೆಸವಾಗಿರಲೇಬೇಕು. ಸಮವಾದರೆ ಎರಡನೆಯ ಸುತ್ತು ಮೊದಲನೆಯದರ ಜಾಡನ್ನೇ ಹಿಡಿದು ಹೆಣಿಗೆ ಕಚ್ಚಿಕೊಳ್ಳುವುದಿಲ್ಲ. ಕಡ್ಡಿಗಳು ಬೆಸವಾಗಿದ್ದರೂ, ಹೆಣೆಯುವವರ ಗಮನ ತಪ್ಪಿ ಒಂದು ಕಡ್ಡಿಯನ್ನು ದಾಟಿಬಿಟ್ಟರೆ ಅಲ್ಲಿಂದ ಮುಂದೆ ಇದೇ ಅವಸ್ಥೆಯುಂಟಾಗುತ್ತದೆ. ತಪ್ಪಿದ ಸ್ಥಳದವರೆಗೆ ಬಿಚ್ಚಿ, ತನ್ನನ್ನು ತಾನು ನಿಂದಿಸಿಕೊಳ್ಳದೆ, ಅಲ್ಲಿಂದ ಪುನಃ ಆರಂಭಿಸುವುದೇ ಇಲ್ಲಿಯ ಸಾಧನೆ. ಉಸಿರನ್ನು ಮರೆತ ಸಾಧಕನು ಮರಳಿ ಉಸಿರಿಗೆ ಬರುವುದೂ ಇದೇ ಕ್ರಮದಿಂದಲೇ. ಪ್ರತಿ ಸುತ್ತು ಮುಗಿದಾಗ ಕೈಯನ್ನು ಕ್ಷಣಕಾಲ ನಿಲ್ಲಿಸಿ ಭುಜಗಳ ಬಿಗುವನ್ನೂ ಉಸಿರಿನ ಗತಿಯನ್ನೂ ಗಮನಿಸುವ ಪದ್ಧತಿಯನ್ನು ಇಟ್ಟುಕೊಂಡರೆ ಕಸುಬೂ ಧ್ಯಾನವೂ ನಿಜವಾಗಿ ಜೊತೆಗೂಡುತ್ತವೆ.

ಸುಂದರವಾದ, ಹೊಸದಾದ ವಸ್ತುವೊಂದು ಸಿದ್ಧವಾಗದಿದ್ದರೆ ಶ್ರಮವೆಲ್ಲ ವ್ಯರ್ಥವೆಂದೂ, ಸೃಜನಶೀಲತೆಯು ಜನ್ಮತಃ ಪ್ರತಿಭೆಯುಳ್ಳವರ ಸ್ವತ್ತೆಂದೂ ತಿಳಿದು ಹಿಂಜರಿಯುವವರು ಬಹುಮಂದಿ. ಈಜಿಪ್ಟಿನ ಮರುಭೂಮಿಯ ಕ್ರೈಸ್ತ ಮುನಿಗಳು ಖರ್ಜೂರದ ಗರಿಗಳಿಂದ ಬುಟ್ಟಿ, ಚಾಪೆಗಳನ್ನು ಹೆಣೆಯುತ್ತ ಪ್ರಾರ್ಥನೆಯಲ್ಲಿ ತೊಡಗಿರುತ್ತಿದ್ದರು. ಅವರಲ್ಲಿ ಪೌಲನೆಂಬ ಹಿರಿಯನು, ಸಂತೆ ಏಳು ದಿನಗಳ ಪ್ರಯಾಣದಷ್ಟು ದೂರವಿದ್ದುದರಿಂದ ಮಾರುವ ಆಸೆಯೇ ಇಲ್ಲದೆ, ವರ್ಷವೆಲ್ಲ ದುಡಿದು ಗುಹೆ ತುಂಬಿದ ಬಳಿಕ ಆ ಕೆಲಸವನ್ನೆಲ್ಲ ಸುಟ್ಟು ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದನೆಂದು, ಆ ಮುನಿಗಳ ಬಾಳನ್ನು ದಾಖಲಿಸಿದ ಜಾನ್ ಕ್ಯಾಸಿಯನ್ನನು ಬರೆದಿಟ್ಟಿದ್ದಾನೆ. ಎಲ್ಲರೂ ಅವನಂತೆ ಸುಡಬೇಕೆಂದಲ್ಲ. ಕೆಲಸದ ಪ್ರಯೋಜನವು ವಸ್ತುವಿನಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆಯನ್ನು ನಾನರಿಯೆ. ಇನ್ನು ಹೊಸತನದ ಮಾತು. ಗುಳೇದಗುಡ್ಡದ ಖಣವೆಂಬ ರವಿಕೆಯ ಬಟ್ಟೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ, ಅದೇ ಚಿಕ್ಕ ಬುಟ್ಟಾಗಳು ಅದೇ ಅಂತರದಲ್ಲಿ ಮರುಕಳಿಸುತ್ತಿದ್ದರೂ ಕಣ್ಣಿಗೆ ದಣಿವಾಗದಿರುವುದು ಅನುಭವಕ್ಕೆ ಬರುತ್ತದೆ. ಕಟ್ಟುಪಾಡು ಕಲ್ಪನೆಯ ಶತ್ರುವಲ್ಲ.

ನೇಯ್ಗೆಯಿಂದ ಮಾನಸಿಕ ವ್ಯಾಧಿಗಳು ವಾಸಿಯಾಗುತ್ತವೆಂಬ ಮಾತನ್ನು ಮಾತ್ರ ಬಹಳ ಎಚ್ಚರದಿಂದ ಕೇಳಬೇಕು. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ: 1917ರಲ್ಲಿ ಅಮೆರಿಕದಲ್ಲಿ ವೃತ್ತಿಚಿಕಿತ್ಸೆಗೆಂದು ಸಂಘವೊಂದು ಸ್ಥಾಪಿತವಾದ ಕಾಲದಲ್ಲಿ, ಮೊದಲನೆಯ ಮಹಾಯುದ್ಧದ ಗಾಯಾಳುಗಳಿಗೆ ಬುಟ್ಟಿ ಹೆಣೆಯುವುದನ್ನೂ ನೇಯುವುದನ್ನೂ ಚೇತರಿಕೆಯ ಸಾಧನವಾಗಿ ಕಲಿಸಲಾಗುತ್ತಿತ್ತು. ಆದರೆ ಅದು ವೈದ್ಯರ ಉಪಚಾರದೊಡನೆ ನಡೆದ ಸಹಾಯವೇ ಹೊರತು ಅದಕ್ಕೆ ಬದಲಿಯಲ್ಲ. ಖಿನ್ನತೆಯಿಂದ ನರಳುವವರ ಕೈಗೆ ಲಾಳಿಯನ್ನು ಕೊಟ್ಟು ಔಷಧವನ್ನು ಬಿಡಿಸುವುದು ಅಪರಾಧವೇ ಸರಿ.

ನನ್ನ ಮನಸ್ಸನ್ನು ಅತಿಯಾಗಿ ನೋಯಿಸುವ ಕಲ್ಪನೆಯೊಂದು ಉಳಿದಿದೆ: ನೇಕಾರನೂ ಮೇದಾರನೂ ಸದಾ ನೆಮ್ಮದಿಯಲ್ಲಿರುವ ಸಹಜಯೋಗಿಗಳೆಂಬುದು. ಇದಕ್ಕೆ ಸಾಕ್ಷಿಯಾಗಿ ಮುದನೂರಿನ ನೇಕಾರ ಜೇಡರ ದಾಸಿಮಯ್ಯನನ್ನೂ, ಹನ್ನೆರಡನೆಯ ಶತಮಾನದಲ್ಲಿ ಬಿದಿರಿನ ಕಾಯಕದಿಂದ ಬಾಳಿದ ಮೇದಾರ ಕೇತಯ್ಯನನ್ನೂ ಹೆಸರಿಸುವುದುಂಟು. ಆ ಶರಣರಿಗೆ ಕಸುಬು ವಿರಾಮಕಾಲದ ಸುಖವಾಗಿರಲಿಲ್ಲ. ಕಾಯಕವು ದಿನದಿನದ ದುಡಿಮೆಯಾಗಿತ್ತು, ಅದರ ಫಲವು ದಾಸೋಹಕ್ಕೆ ಸಲ್ಲುತ್ತಿತ್ತು, ಅನುಭಾವವು ಆ ದುಡಿಮೆಯೊಡನೆ ಪ್ರಯತ್ನದಿಂದ ಸಾಧಿತವಾಗಿತ್ತು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಹಗಲೆಲ್ಲ ಬಾಗಿ ದುಡಿಯುವವರಿಗೆ ಸೊಂಟದ ನೋವೂ ಕಣ್ಣಿನ ಆಯಾಸವೂ ನಿತ್ಯದ ಸಂಗಾತಿಗಳು. ಬಿದಿರನ್ನು ಸೀಳುವವರ ಬೆರಳುಗಳಲ್ಲಿ ಸಿಬಿರಿನ ಗಾಯಗಳು ಮಾಯುವುದು ಅಪರೂಪ. ಗಂಟೆಯ ಕಾಲ ಮನಶ್ಶಾಂತಿಗೆಂದು ನೇಯುವವನ ಅನುಭವವನ್ನು, ಕೂಲಿಗೆ ನೇಯುವವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಕಲಿಯಲಪೇಕ್ಷಿಸುವ ಓದುಗರು ಒಂದು ಚಿಕ್ಕ ಬುಟ್ಟಿಯಿಂದ ಆರಂಭಿಸಲಿ. ಸೀಳುಗಳು ಮುರಿಯದೆ ಬಾಗುವಂತೆ ಮೊದಲು ನೀರಿನಲ್ಲಿ ನೆನೆಸಿಟ್ಟುಕೊಳ್ಳಲಿ, ಅರ್ಧಗಂಟೆಗೆ ಮೀರದಂತೆ ಕುಳಿತುಕೊಳ್ಳಲಿ. ಕಲಿಸುವುದಕ್ಕೆ ಹತ್ತಿರದ ಊರಿನ ಮೇದಾರರನ್ನೇ ಆಶ್ರಯಿಸಿರಿ. ಅವರ ಒಂದು ದಿನದ ದುಡಿಮೆಗೆ ಸಲ್ಲಬೇಕಾದ ಹಣವನ್ನು ಚೌಕಾಶಿಯಿಲ್ಲದೆ ಮುಂಗಡವಾಗಿಯೇ ಸಲ್ಲಿಸಿರಿ.