ಪ್ರತಿಕಾಯಪರೀಕ್ಷೆಯೂ ಲಕ್ಷಣದೋಷವಿಚಾರವೂ

ವಸ್ತುವಿಗೆ ಲಕ್ಷಣವನ್ನು ಹೇಳುವವನು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ಪರಿಹರಿಸಬೇಕೆಂದು ನೈಯಾಯಿಕರು ವಿಧಿಸಿರುವರು. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು. ಕೊಂಬುಳ್ಳದ್ದೆಂದರೆ ಎಮ್ಮೆಯೂ ಒಳಸೇರುವುದು. ಒಂಟಿಗೊರಸುಳ್ಳದ್ದೆಂದರೆ ಯಾವ ಹಸುವಿಗೂ ಹೊಂದದು. ಪ್ರಯೋಗಶಾಲೆಯ ಪ್ರತಿಕಾಯಪರೀಕ್ಷೆಗೂ ಈ ವಿಚಾರವು ಯಥಾವತ್ತಾಗಿ ಅನ್ವಯಿಸುವುದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಪ್ರತಿಕಾಯವೆಂಬುದು ಶರೀರವನ್ನು ಪರವಸ್ತುವು ಹೊಕ್ಕಾಗ ರಕ್ತದಲ್ಲಿ ಹುಟ್ಟುವ ಪ್ರೋಟೀನು. ಅದು ಪರವಸ್ತುವನ್ನು ಸಮಗ್ರವಾಗಿ ಅರಿಯದು. ಅದರ ಮೈಮೇಲಿನ ಸಣ್ಣದೊಂದು ಗುರುತನ್ನು ಹಿಡಿದು ಅಂಟಿಕೊಳ್ಳುವುದು. ಆ ಗುರುತೇ ಇಲ್ಲಿ ಲಕ್ಷಣಸ್ಥಾನದಲ್ಲಿರುವುದು.

ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಈಸೂರು ಸೇರಿರುವ ಶಿಕಾರಿಪುರ ತಾಲ್ಲೂಕಿಗೆ ನೆರೆಯದಾದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದುವು. ಸುತ್ತಣ ಹಳ್ಳಿಗರು ತೀವ್ರಜ್ವರಕ್ಕೆ ಈಡಾದರು. ಪುಣೆಯ ವೈರಸ್ ಸಂಶೋಧನಕೇಂದ್ರದವರು ವೈರಾಣುವನ್ನು ಬೇರ್ಪಡಿಸಿ ಪ್ರತಿಕಾಯಗಳೊಡನೆ ಪರೀಕ್ಷಿಸಲಾಗಿ, ಅದು ರಷ್ಯದ ವಸಂತಗ್ರೀಷ್ಮ ಮೆದುಳುಜ್ವರದ ವೈರಾಣುವನ್ನು ಹೋಲುವುದೆಂದು ಕಂಡಿತು. ಬಳಗವೇನೋ ಒಂದೇ, ವೈರಾಣು ಮಾತ್ರ ಬೇರೆ. ಕುಲಕ್ಕೆಲ್ಲ ಸಾಮಾನ್ಯವಾದ ಗುರುತನ್ನು ನಂಬಿ ವಿಶೇಷವನ್ನು ನಿರ್ಣಯಿಸಹೊರಟರೆ ಅತಿವ್ಯಾಪ್ತಿಯು ತಪ್ಪದು. ಈ ಮಂಗನಕಾಯಿಲೆಯಲ್ಲಿಯೇ, ಜ್ವರದ ಮೊದಲ ದಿನಗಳಲ್ಲಿ ರೋಗಿಯ ರಕ್ತದಲ್ಲಿ ಪ್ರತಿಕಾಯವು ಹುಟ್ಟಿರುವುದಿಲ್ಲವಾಗಿ, ಅದನ್ನೇ ಹುಡುಕಿದರೆ ರೋಗವಿದ್ದೂ ಇಲ್ಲವೆನಿಸುವುದು. ಇದು ಅವ್ಯಾಪ್ತಿ. ಆದುದರಿಂದ ಆಗ ವೈರಾಣುವಿನ ಆರ್‌ಎನ್‌ಎಯನ್ನೇ ಅರಸುವರು.

ಇಲ್ಲಿ ಪ್ರತಿಕಾಯವು ರೋಗವನ್ನು ಸೂಚಿಸಿತು. ಅದನ್ನೇ ಬೇಕೆಂದು ಸಿದ್ಧಪಡಿಸಿಕೊಂಡು, ನಮ್ಮ ಶರೀರದ್ದೇ ಆದ ಪ್ರೋಟೀನನ್ನು ಕಂಡುಹಿಡಿಯುವುದೂ ಉಂಟು. ಜೀವಕೋಶದ ಪೊರೆಯಲ್ಲಿ ನಿಂತು, ಬೆಳೆಯಬೇಕೆಂಬ ಸಂಜ್ಞೆಯನ್ನು ಒಳಕ್ಕೆ ಸಾಗಿಸುವ ಹರ್-2 ಎಂಬ ಪ್ರೋಟೀನು ಅಂತಹುದು. ಅದಕ್ಕೆ ಮೂವರು ದಾಯಾದಿಗಳು. ಸ್ತನದ ಅರ್ಬುದಗಳಲ್ಲಿ ನೂರಕ್ಕೆ 15ರಿಂದ 20ರಷ್ಟರಲ್ಲಿ ಹರ್-2 ಮಿತಿಮೀರಿರುವುದು. ಗಂತಿಯ ತೆಳುವಾದ ಸೀಳಿಗೆ ಪ್ರತಿಕಾಯವನ್ನು ಸೇರಿಸಿ, ಏಳುವ ಬಣ್ಣವನ್ನು 0ಯಿಂದ 3ರವರೆಗೆ ಎಣಿಸುವರು. ಎಣಿಕೆ 3 ಆದರೆ ಟ್ರಾಸ್ಟುಜುಮ್ಯಾಬ್ ಮೊದಲಾದ ಔಷಧಗಳು ಯೋಗ್ಯವಾಗುವುವು. ಪ್ರತಿಕಾಯವು ದಾಯಾದಿಗೂ ಅಂಟಿದರೆ, ಹೃದಯಕ್ಕೆ ಕೇಡುಮಾಡಬಲ್ಲ ಔಷಧವು ನಿಷ್ಪ್ರಯೋಜನವಾಗಿ ರೋಗಿಯ ಮೈಸೇರುವುದು. ಇರುವುದನ್ನು ಕಾಣದೆಹೋದರೆ ಜೀವವುಳಿಸುವ ಔಷಧವು ತಪ್ಪುವುದು. ಸೀಳನ್ನು ಕೆಡದಂತಿಡುವ ಫಾರ್ಮಲಿನ್‌ನಿಂದ ಗುರುತೇ ಮರೆಯಾದಲ್ಲಿ ಅಸಂಭವದೋಷವೇ ಬಂದಂತೆ.

ಕೋಲರ್, ಮಿಲ್‌ಸ್ಟೈನ್ ಎಂಬವರು 1975ರಲ್ಲಿ ಒಂದೇ ಗುರುತನ್ನು ಹಿಡಿಯುವ ಏಕರೂಪದ ಪ್ರತಿಕಾಯಗಳನ್ನು ಬೆಳೆಸುವ ಮಾರ್ಗವನ್ನು ಕಂಡರು. ಆದರೆ ಗುರುತು ಒಂದೇ ಆದಮಾತ್ರಕ್ಕೆ ಅದು ಅಸಾಧಾರಣವಾಗದು. ಕೊಂಬೂ ಒಂದೇ ಗುರುತಷ್ಟೆ. ಆದುದರಿಂದ ಪರೀಕ್ಷಕರು ಹರ್-2 ಹೇರಳವಾಗಿರುವುದು ನಿಶ್ಚಿತವಾದ ಸೀಳೊಂದನ್ನೂ ಇಲ್ಲದಿರುವುದು ನಿಶ್ಚಿತವಾದ ಸೀಳೊಂದನ್ನೂ ಜೊತೆಗಿಟ್ಟು ನೋಡುವರು. ಇವು ನಮ್ಮ ಸಪಕ್ಷ ವಿಪಕ್ಷಗಳೇ. ಎಣಿಕೆಯು 2 ಆಗಿ ಸಂಶಯವುಳಿದರೆ ಆ ಪ್ರೋಟೀನಿನ ಜೀನುಗಳನ್ನು ಬೇರೊಂದು ವಿಧಾನದಿಂದ ಎಣಿಸುವರು. ಒಂದು ಪ್ರಮಾಣವು ಸಾಲದಿರಲು ಮತ್ತೊಂದು ಪ್ರಮಾಣವು ನೆರವಾಗುವುದು.

ಪಾಠಶಾಲೆಗಳಲ್ಲಿ ಗೋಲಕ್ಷಣವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಯು ಇದರಿಂದ ಫಲವೇನೆಂದು ಕೇಳುವುದುಂಟು. ಲಕ್ಷಣವು ಕೆಟ್ಟರೆ ಗ್ರಂಥದಲ್ಲಿ ವಾದವೊಂದು ಸೋಲುವುದು, ಆಸ್ಪತ್ರೆಯಲ್ಲಿ ಜೀವವೇ ಸೋಲುವುದು ಎಂಬುದೇ ಅವನಿಗೆ ತಕ್ಕ ಉತ್ತರ.