ಆಯಿಲ್ ಕ್ಯಾಪ್ ಒಳಗೆ ಬಿಳಿ ನೊರೆ ಬಂದಿದೆಯಾ? ಗಾಬರಿ ಬೇಡ, ಒರೆಸಿ ಸುಮ್ಮನಾಗುವುದೂ ಬೇಡ

ತೀರ್ಥಹಳ್ಳಿ: ಮಳೆಗಾಲದಲ್ಲಿ ಕಾರಿನ ಬಾನೆಟ್ ಎತ್ತಿ ಎಂಜಿನ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿದರೆ, ಅದರ ಒಳಭಾಗಕ್ಕೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ನೊರೆ ಅಂಟಿರುವುದು ಮಲೆನಾಡಿನ ಕಾರುಗಳಲ್ಲಿ ಹೊಸದೇನಲ್ಲ. ಕೆಲವರು ನೋಡಿದ ತಕ್ಷಣ ಎಂಜಿನ್ ಹೋಯ್ತು ಅಂತ ಗಾಬರಿಯಾಗುತ್ತಾರೆ. ಇನ್ನು ಕೆಲವರು ಬಟ್ಟೆಯಲ್ಲಿ ಒರೆಸಿ ಬಾನೆಟ್ ಹಾಕಿಬಿಡುತ್ತಾರೆ. ಮೊದಲನೆಯವರು ಸುಮ್ಮನೆ ಎಂಜಿನ್ ಬಿಚ್ಚಿಸಿ ದುಡ್ಡು ಕಳೆದುಕೊಳ್ಳಬಹುದು, ಎರಡನೆಯವರು ಎಂಜಿನ್ನನ್ನೇ ಕಳೆದುಕೊಳ್ಳಬಹುದು.

ಈ ಆಯಿಲ್ ಕ್ಯಾಪ್ ಎಂಜಿನ್ನಿನ ಮೇಲ್ಭಾಗದಲ್ಲೇ ಇರುತ್ತದೆ. ಮೇಲೆ ಆಯಿಲ್ ಕ್ಯಾನಿನ ಚಿತ್ರ ಇರುತ್ತದೆ, ಹಲವು ಕಾರುಗಳಲ್ಲಿ ಯಾವ ಗ್ರೇಡಿನ ಆಯಿಲ್ ಹಾಕಬೇಕು ಅಂತಲೂ ಬರೆದಿರುತ್ತದೆ, 5ಡಬ್ಲ್ಯು-30 ಅಂತೇನಾದರೂ. ರೇಡಿಯೇಟರ್ ಮುಚ್ಚಳವೇ ಬೇರೆ. ಅದನ್ನು ಇದು ಅಂದುಕೊಂಡು ಎಂಜಿನ್ ಬಿಸಿ ಇದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ.

ನೊರೆ ಬರುವುದು ನೀರಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ ಅಂದರೆ ನಂಬುವುದು ಕಷ್ಟ, ಆದರೆ ಲೆಕ್ಕ ಹಾಗೇ ಇದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗಿನ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರೂ ಆವಿಯಾಗಿ ಹೋಗುತ್ತದೆ. ಕಾಯದಿದ್ದರೆ ತಣ್ಣಗಿರುವ ಮುಚ್ಚಳಕ್ಕೆ ಹನಿಯಾಗಿ ಕೂತು, ಆಯಿಲ್ ಜೊತೆ ಕಲಸಿ ನೊರೆಯಾಗುತ್ತದೆ.

ಬೆಳಿಗ್ಗೆ ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್, ರಾತ್ರಿ ಅಂಗಡಿಯಿಂದ ಮನೆಗೆ ಎರಡು ಕಿಲೋಮೀಟರ್. ಪೇಟೆಯ ಎಷ್ಟೋ ಕಾರುಗಳ ಓಡಾಟ ಅಷ್ಟೇ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಕೂಲೆಂಟ್ ಬಿಸಿಯಾಯಿತು ಅಂತ ಅರ್ಥ, ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು. ಹಾಗಾಗಿ ಇಂಥ ಕಾರುಗಳಲ್ಲಿ, ಅದೂ ಆಗುಂಬೆ ಸೀಮೆಯ ಮಳೆಯಲ್ಲಿ, ಮುಚ್ಚಳದಲ್ಲಿ ಮಾತ್ರ ತೆಳ್ಳಗೆ ನೊರೆ ಕಂಡರೆ ಭಯ ಬೇಡ. ಒರೆಸಿ, ಅರ್ಧ ಮುಕ್ಕಾಲು ಗಂಟೆ ಶಿವಮೊಗ್ಗ ರಸ್ತೆಯಲ್ಲಿ ಒಂದೇ ಸಮನೆ ಓಡಿಸಿ, ಮರುದಿನ ಮತ್ತೆ ನೋಡಿ. ಹೋಗಿದ್ದರೆ ಹೋಯಿತು. ಆದರೆ ಬರೀ ಪೇಟೆಯೊಳಗೇ ಓಡುವ ಕಾರಿಗೆ ಕಿಲೋಮೀಟರ್ ಆಗಿಲ್ಲ ಅಂತ ಆಯಿಲ್ ಬದಲಾವಣೆ ಮುಂದೆ ಹಾಕಬಾರದು.

ಭಯ ಪಡಬೇಕಾದ್ದು ಬೇರೆ ಇದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಅದರಲ್ಲಿರುವ ಆಯಿಲ್ ಕೂಡ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಲೇ ಇದ್ದರೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಕೂಲೆಂಟ್ ಎಂಜಿನ್ ಒಳಗೆ ಸೋರುತ್ತಿದೆ ಎಂಬ ಅನುಮಾನ ಗಟ್ಟಿ. ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಆಗ ಕಾರು ಓಡಿಸಬೇಡಿ, ಕಟ್ಟಿಕೊಂಡೇ ಗ್ಯಾರೇಜಿಗೆ ಒಯ್ಯಿರಿ. ನೀರು ಕಲಸಿದ ಆಯಿಲ್‌ಗೆ ಬೇರಿಂಗ್ ಕಾಪಾಡುವ ಶಕ್ತಿ ಇರುವುದಿಲ್ಲ. ಗ್ಯಾಸ್ಕೆಟ್ ಖರ್ಚಿನಲ್ಲಿ ಮುಗಿಯುವ ಕೆಲಸ ಪೂರ್ತಿ ಎಂಜಿನ್ ಕೆಲಸಕ್ಕೆ ಹೋಗಿ ನಿಲ್ಲುತ್ತದೆ.

ಇನ್ನೊಂದು ತೊಂದರೆ ನೊರೆಗೆ ಸಂಬಂಧಿಸಿದ್ದಲ್ಲ, ಮುಚ್ಚಳ ಸರಿಯಾಗಿ ಕೂರದೇ ಇರುವುದು. ಆಯಿಲ್ ಹಾಕುವಾಗ ಕ್ಯಾಪನ್ನು ಬ್ಯಾಟರಿ ಮೇಲಿಟ್ಟು ಮರೆಯುವುದು ಎಲ್ಲಾ ಊರಿನಲ್ಲೂ ಆಗುವ ಕೆಲಸ. ಕ್ಯಾಪ್ ಇಲ್ಲದೆ ಅಥವಾ ಸಡಿಲವಾಗಿ ಓಡಿದರೆ ಆಯಿಲ್ ಎಂಜಿನ್ ಮೇಲೆಲ್ಲಾ ಚಿಮ್ಮುತ್ತದೆ. ಕಾದ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದರೆ ಸುಟ್ಟ ವಾಸನೆ, ಹೊಗೆ, ಕೆಲವೊಮ್ಮೆ ಬೆಂಕಿ. ಘಾಟಿ ಹತ್ತುವಾಗ ಇದು ಆಗಬಾರದು. ಧೂಳು ಒಳಗೆ ಹೋಗುವುದು ಬೇರೆ. ಕೆಲವು ಪೆಟ್ರೋಲ್ ಕಾರುಗಳಲ್ಲಿ ಕ್ಯಾಪಿನಿಂದ ಗಾಳಿ ಎಳೆದುಕೊಂಡರೆ ಎಂಜಿನ್ ಐಡ್ಲಿಂಗಿನಲ್ಲಿ ನಡುಗುತ್ತದೆ, ಚೆಕ್ ಎಂಜಿನ್ ಲೈಟೂ ಬರಬಹುದು. ಸರ್ವಿಸ್ ಮುಗಿದ ಮೇಲೆ ಬಿಲ್ ಕೊಡುವ ಮೊದಲು ಬಾನೆಟ್ ಎತ್ತಿಸಿ ಕ್ಯಾಪನ್ನು ಕೈಯಲ್ಲಿ ಮುಟ್ಟಿ ನೋಡಿ. ಗ್ಯಾರೇಜಿನವರು ಏನಾದರೂ ಅಂದುಕೊಳ್ಳಲಿ.

ದಾರಿಯಲ್ಲಿ ಕ್ಯಾಪ್ ಬಿದ್ದಿದ್ದು ಗೊತ್ತಾದರೆ ಅಲ್ಲೇ ನಿಲ್ಲಿಸಿ. ತೂತಿಗೆ ಬಟ್ಟೆ ತುರುಕಬೇಡಿ, ಅದು ಒಳಗೆ ಜಾರಬಹುದು, ಆಯಿಲ್ ಹೀರಿ ಹೊತ್ತಿಕೊಳ್ಳಲೂಬಹುದು. ಬಾನೆಟ್ ಒಳಗೆ ಸಂದಿಗೊಂದಿ ಹುಡುಕಿ, ಎಷ್ಟೋ ಸಲ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಸಿಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ ಅದೇ ಮಾಡೆಲ್ಲಿನ ಕ್ಯಾಪ್ ತರಿಸಿ. ಮತ್ತೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡಿ, ಚೆಲ್ಲಿದ ಆಯಿಲ್ ಒರೆಸಲೇಬೇಕು.

ಕ್ಯಾಪ್ ಯಾವಾಗ ಬದಲಿಸಬೇಕು? ಅದರ ಕೆಳಗಿನ ರಬ್ಬರ್ ವಾಷರ್ ಉಗುರಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ ಸರಿ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಕ್ಯಾಪ್ ಸುತ್ತಲೂ ಆಯಿಲ್ ಒದ್ದೆ ಇದ್ದರೆ, ಬಿಗಿ ಮಾಡಿದರೂ ಅಲ್ಲಾಡುತ್ತಿದ್ದರೆ ಬದಲಿಸಿ. ಕೆಲವು ಕಾರುಗಳಿಗೆ ವಾಷರ್ ಮಾತ್ರವೂ ಸಿಗುತ್ತದೆ. ಸ್ಪೇರ್ಸ್ ಅಂಗಡಿಗೆ ಹಳೇ ಕ್ಯಾಪ್, ಆರ್‌ಸಿ ಎರಡೂ ತೆಗೆದುಕೊಂಡು ಹೋಗಿ. ಒಂದೇ ಕಂಪನಿಯ ಕಾರಾದರೂ ಪೆಟ್ರೋಲ್, ಡೀಸೆಲ್‌ಗೆ ಕ್ಯಾಪ್ ಬೇರೆ ಇರಬಹುದು.

ಎಂಜಿನ್ ಆಫ್ ಮಾಡಿ, ಹದಿನೈದು ನಿಮಿಷ ಆರಲು ಬಿಡಿ. ಬಿಚ್ಚುವ ಮೊದಲೇ ಸುತ್ತಲಿನ ಮಣ್ಣು ಒರೆಸಿ, ಇಲ್ಲದಿದ್ದರೆ ಎಲ್ಲಾ ಒಳಗೇ ಬೀಳುತ್ತದೆ. ಹಳೇ ಕ್ಯಾಪಿನ ಚೂರು ಒಡೆದು ಒಳಗೆ ಬಿದ್ದಿದ್ದರೆ ತೆಗೆಯುವ ತನಕ ಸ್ಟಾರ್ಟ್ ಮಾಡಬಾರದು. ಹೊಸ ವಾಷರ್‌ಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಕ್ಯಾಪನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಪ್ಲೈಯರ್ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಐದು ನಿಮಿಷ ಎಂಜಿನ್ ಓಡಿಸಿ ಸುತ್ತ ಒದ್ದೆ ಇದೆಯಾ ನೋಡಿ, ಒಂದೆರಡು ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ. ಆಗಲೂ ಸೋರುತ್ತಿದ್ದರೆ ತೊಂದರೆ ಕ್ಯಾಪಿನದಲ್ಲ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡು ಒತ್ತಡ ಹೆಚ್ಚಿದೆಯಾ ಅಂತ ಮೆಕ್ಯಾನಿಕ್ ಹತ್ತಿರ ನೋಡಿಸಿ.