ಕಾರ್ಯವ್ಯವಸ್ಥೆಯ ಬದಲಾವಣೆಯೂ ಜಾಲಸಂಪರ್ಕವೂ

2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ‘ವಿಂಡೋಸ್ 10’ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ‘ವಿಂಡೋಸ್ 11’ ಬಯಸುವ ಯಂತ್ರಾಂಶವು ಅನೇಕ ಹಳೆಯ ಗಣಕಯಂತ್ರಗಳಲ್ಲಿ ಇಲ್ಲ. ಸುಸ್ಥಿತಿಯಲ್ಲಿರುವ ಯಂತ್ರವನ್ನು ಎಸೆಯಲೊಪ್ಪದವರು ಬೆಲೆಯಿಲ್ಲದೆ ದೊರೆಯುವ ಲಿನಕ್ಸ್‌ನತ್ತ ತಿರುಗುವುದು ಸಹಜ. ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಹೊರತಂದ ‘ಬಾಸ್’ ಸಹ ಆ ಕುಲಕ್ಕೇ ಸೇರಿದುದು. ಅದು ಕನ್ನಡವನ್ನೂ ಬಲ್ಲದು. ಆದರೆ ನಾಡಿನಿಂದ ದೂರವಿದ್ದು, ಹಳೆಯ ಗ್ರಂಥಗಳನ್ನು ಅಂತರಜಾಲದಲ್ಲಿಯೇ ಅರಸುವ ನಮ್ಮಂಥವರಿಗೆ, ಹೊಸ ವ್ಯವಸ್ಥೆ ಬಂದ ದಿನವೇ ಜಾಲ ಕಡಿದುಹೋದರೆ ಗ್ರಂಥಾಲಯದ ಬಾಗಿಲು ಮುಚ್ಚಿದಂತಾಗುವುದು.

ಇಲ್ಲಿ ಮೊದಲು ಗ್ರಹಿಸತಕ್ಕ ವಿಷಯವೊಂದುಂಟು. ಅಂತರಜಾಲವು ಯಾವ ಕಾರ್ಯವ್ಯವಸ್ಥೆಯ ಸೊತ್ತೂ ಅಲ್ಲ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಅಂಧೇರಿಗೆ ಸಮೀಪದ ಜುಹುವಿನಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ಕೇಂದ್ರವೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಜೊತೆಗೂಡಿದ್ದವು. ದೂರದ ಗಣಕಗಳು ಪರಸ್ಪರ ಮಾತನಾಡಲು ಬೇಕಾದುದು ಒಂದೇ ಜಾತಿಯ ಯಂತ್ರವಲ್ಲ, ಎರಡೂ ಕಡೆ ಒಪ್ಪಿದ ನಿಯಮಾವಳಿ. ಇಂದು ಅದು ವಿಂಡೋಸಿಗೂ ಲಿನಕ್ಸಿಗೂ ಸಮಾನ. ಆದುದರಿಂದ ಕಾರ್ಯವ್ಯವಸ್ಥೆ ಬದಲಾದರೆ ತಂತಿಯಾಗಲಿ ರೂಟರಾಗಲಿ ಕೆಡುವುದಿಲ್ಲ. ಅಳಿದುಹೋಗುವುದು ಹಳೆಯ ವ್ಯವಸ್ಥೆ ನೆನಪಿಟ್ಟುಕೊಂಡಿದ್ದ ವಿವರಗಳು ಮಾತ್ರ.

ಬ್ಯಾಂಕಿನಲ್ಲಿ ಅಧಿಕಾರ ವಹಿಸಿಕೊಡುವಾಗ ಬೀಗದ ಕೈಗಳ ಪಟ್ಟಿ ಮಾಡುವಂತೆ, ಆ ವಿವರಗಳನ್ನು ಮೊದಲೇ ಕಾಗದದ ಮೇಲೆ ಬರೆದಿಡತಕ್ಕದ್ದು. ಮೊದಲನೆಯದು ವೈ-ಫೈ ಹೆಸರು ಮತ್ತು ಪಾಸ್‌ವರ್ಡ್. ಎರಡನೆಯದು ಸೇವಾದಾರರು ಕೊಟ್ಟ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್. ಇವು ರೂಟರಿನಲ್ಲಿ ನಮೂದಾಗಿದ್ದರೆ ಗಣಕದಲ್ಲಿ ಮಾಡಬೇಕಾದುದು ಏನೂ ಇಲ್ಲ. ಕಟ್ಟಡದ ತಂತಿ ನೇರವಾಗಿ ಗಣಕಕ್ಕೇ ಬಂದಿದ್ದರೆ, ಹೊಸ ವ್ಯವಸ್ಥೆಯ ಜಾಲದ ಸೆಟ್ಟಿಂಗ್‌ನಲ್ಲಿ ‘ಪಿಪಿಪಿಒಇ’ ಎಂಬ ಬಗೆಯನ್ನು ಆರಿಸಿ ತುಂಬಬೇಕು. ಮೂರನೆಯದು ಐಪಿ ವಿಳಾಸ. ಸಾಮಾನ್ಯವಾಗಿ ಮನೆಗಳಲ್ಲಿ ರೂಟರೇ ಅದನ್ನು ಹಂಚುವುದರಿಂದ ‘ಸ್ವಯಂಚಾಲಿತ’ ಎಂದರೆ ಸಾಕು. ಸ್ಥಿರ ವಿಳಾಸವಿದ್ದರೆ ಗೇಟ್‌ವೇ, ಡಿಎನ್‌ಎಸ್ ಅಂಕಿಗಳೂ ಬೇಕು. ಕೆಲವು ಸೇವಾದಾರರು ಜಾಲಕಾರ್ಡಿನ ‘ಮ್ಯಾಕ್’ ಸಂಖ್ಯೆಯನ್ನೂ ದಾಖಲಿಸಿಕೊಳ್ಳುವರು. ಅದು ಕಾರ್ಡಿಗೆ ಸೇರಿದುದು. ಆದರೂ ಹೊಸ ವ್ಯವಸ್ಥೆಯು ಗೋಪ್ಯತೆಗಾಗಿ ಬೇರೆ ಸಂಖ್ಯೆಯನ್ನು ತೋರಿಸುತ್ತಿದ್ದರೆ ಆ ಆಯ್ಕೆಯನ್ನು ನಿಲ್ಲಿಸಬೇಕು.

ನಿಜವಾದ ತೊಡಕು ಬೇರೊಂದು. ಕೆಲವು ವೈ-ಫೈ ಕಾರ್ಡುಗಳನ್ನು ನಡೆಸುವ ಡ್ರೈವರ್ ತಂತ್ರಾಂಶವು ಲಿನಕ್ಸಿನೊಡನೆ ಬರುವುದಿಲ್ಲ. ಅದನ್ನು ಜಾಲದಿಂದಲೇ ತರಬೇಕು. ಜಾಲಕ್ಕೆ ಹೋಗಲು ಅದೇ ಬೇಕು! ಇದಕ್ಕೆ ಪರಿಹಾರಗಳೆರಡು: ರೂಟರಿನಿಂದ ಕೇಬಲ್ ಜೋಡಿಸುವುದು, ಇಲ್ಲವೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಸಂಪರ್ಕವನ್ನು ಹಂಚಿಕೊಳ್ಳುವುದು. ಇದಕ್ಕಿಂತ ಉತ್ತಮವಾದುದು, ಸ್ಥಾಪನೆಗೆ ಮುನ್ನವೇ ಲಿನಕ್ಸನ್ನು ಪೆನ್‌ಡ್ರೈವಿನಿಂದ ನಡೆಸಿ, ವೈ-ಫೈ ದೊರೆಯುವುದೇ ಎಂದು ಪರೀಕ್ಷಿಸುವುದು.

ಈ ಪರೀಕ್ಷೆ ಮುಗಿದು, ಲೇಖನ ಟಿಪ್ಪಣಿಗಳ ಪ್ರತಿಯೊಂದು ಹೊರಗಿನ ಡಿಸ್ಕಿಗೆ ಸೇರುವ ತನಕ ಹಳೆಯ ವ್ಯವಸ್ಥೆಯನ್ನು ಅಳಿಸತಕ್ಕದ್ದಲ್ಲ.